ಗೃಹಸ್ಥರೊಡನೆ: ಬಿಸಿಲಿಗೆ ಬೇಕಾದ ಅಪ್ಪಣೆ

ನಮ್ಮ ತುಮಕೂರು ಸೀಮೆಯಲ್ಲಿ ಬಿಸಿಲಿಗೆ ಬರವೆಂಬುದಿಲ್ಲ. ಪಾವಗಡದ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರೋದ್ಯಾನವು ನಿಂತಿರುವುದನ್ನು ವಾಚಕರು ಬಲ್ಲರು. ಆದರೆ ಗೃಹಸ್ಥನೊಬ್ಬನು ಸ್ವಂತ ಮಾಳಿಗೆಯ ಮೇಲೆ ಮೂರು ಕಿಲೋವಾಟಿನ ಫಲಕಗಳನ್ನು ಹೂಡಲು ಹೊರಟರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ನೆನಪಾಗುವುದುಂಟು.

ಮೊದಲು ಇದ್ದ ತೊಡಕಿನಲ್ಲಿ ಬಹುಭಾಗ ಈಗ ಕಳೆದಿದೆಯೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಕೇಂದ್ರ ಸರಕಾರವು 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, 10 ಕಿಲೋವಾಟಿನವರೆಗಿನ ಅರ್ಜಿಗಳನ್ನು ತಾಂತ್ರಿಕ ಪರೀಕ್ಷೆಯಿಲ್ಲದೆಯೇ ಅಂಗೀಕೃತವೆಂದು ಭಾವಿಸತಕ್ಕದ್ದೆಂದು ವಿಧಿಸಿತು. ಫಲಕಗಳನ್ನು ಜಾಲಕ್ಕೆ ಕೂಡಿಸುವ ಗಡುವನ್ನು 30 ದಿನಗಳಿಂದ 15ಕ್ಕೆ ಇಳಿಸಿತು. ಅದೇ ತಿಂಗಳು ಹೊರಟ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟಿಗೆ 60,000 ರೂಪಾಯಿ, 3 ಅಥವಾ ಅದಕ್ಕೆ ಮೇಲ್ಪಟ್ಟರೆ 78,000 ರೂಪಾಯಿ ಸಹಾಯಧನ ಉಂಟು. ಒಂದು ಕಿಲೋವಾಟು ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುವುದು.

ಉಳಿದಿರುವ ಗಂಟು ಬೇರೆ, ಅದು ಯಂತ್ರದ್ದಲ್ಲ, ಹೆಸರಿನದು. ಗುಬ್ಬಿಯಲ್ಲಿರುವ ನಮ್ಮ ಹಳೆಯ ಶಿಷ್ಯರೊಬ್ಬರ ಮನೆಯ ಮೀಟರು ಇಂದಿಗೂ ಅವರ ತೀರ್ಥರೂಪರ ಹೆಸರಿನಲ್ಲಿದೆ. ಹಿರಿಯರು ಗತಿಸಿ ಹದಿನೆಂಟು ವರ್ಷಗಳಾದುವು. ಬಿಲ್ಲನ್ನು ತಪ್ಪದೆ ಕಟ್ಟುತ್ತ ಬಂದವರು ಇವರೇ. ಆದರೂ ಅರ್ಜಿಯ ಹೆಸರೂ ಬಿಲ್ಲಿನ ಹೆಸರೂ ಒಂದಾಗದೆ ಕೆಲಸ ಸಾಗದು. ಹೆಸರು ಬದಲಾಯಿಸಲು ಮರಣಪತ್ರ, ವಂಶವೃಕ್ಷ, ಒಡಹುಟ್ಟಿದವರ ಒಪ್ಪಿಗೆ ಬೇಕು. ಒಬ್ಬ ತಮ್ಮನು ಕುಣಿಗಲಿನಲ್ಲಿ, ಇನ್ನೊಬ್ಬನು ಪರದೇಶದಲ್ಲಿ. ಒಪ್ಪಿಗೆಯ ಮಾತು ತೆಗೆದರೆ ಪಾಲಿನ ಮಾತೂ ಏಳುವುದೆಂದು ಮನೆಯಾಕೆಗೆ ಅಂಜಿಕೆ. ಇಂತಹ ಮನೆಗಳು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಸೂರ್ಯನಿಗೆ ಮಿತ್ರನೆಂಬ ಹೆಸರುಂಟು. ಆತನು ದಾಯಾದಿಗಳ ಸಹಿ ಕೇಳುವುದಿಲ್ಲ!

ಮನೆಯಲ್ಲಿ ವಾಸವಾಗಿದ್ದು ಬಿಲ್ಲು ಕಟ್ಟುತ್ತಿರುವ ವಾರಸುದಾರನಿಗೆ, ಆಸ್ತಿಯ ಹಕ್ಕಿಗೆ ಬಾಧೆಯಿಲ್ಲದಂತೆ, ಮೀಟರಿನ ಮಟ್ಟಿಗೆ ಮಾತ್ರ ಹೆಸರು ಬದಲಾಯಿಸಿಕೊಡುವುದು ನ್ಯಾಯವೆಂದು ನಮಗೆ ತೋರುತ್ತದೆ. ಹೆಸರಿನ ಅರ್ಜಿಯನ್ನೂ ಸೌರದ ಅರ್ಜಿಯನ್ನೂ ಒಟ್ಟಿಗೆ ವಿಚಾರಿಸಿದರೆ ಅಲೆದಾಟ ಅರ್ಧವಾದೀತು.

2023ರಲ್ಲಿ ಗೃಹಜ್ಯೋತಿಯು ಬಂದಂದಿನಿಂದ, ಬಿಲ್ಲೇ ಬಾರದವರಿಗೆ ಇದೆಲ್ಲ ಏತಕ್ಕೆಂದು ಕೇಳುವವರೂ ಇದ್ದಾರೆ. ಆ ಮಿತಿಯನ್ನು ದಾಟಿ ಉರಿಸುವ ಸಂಸಾರಗಳಿಗೇ ಈ ಮಾತು. ಅಂತಹವರು ಮಾರಾಟಗಾರನನ್ನು ಕರೆಯುವ ಮೊದಲು, ಬಿಲ್ಲನ್ನು ತೆಗೆದು ಅದರಲ್ಲಿ ಯಾರ ಹೆಸರಿದೆಯೆಂದು ನೋಡಲಿ. ಮುಂಗಡವನ್ನು ಆಮೇಲೆ ಕೊಟ್ಟರಾಯಿತು.