ಅಮಾವಾಸ್ಯೆಯ ಲೆಕ್ಕ, ಮೂಗುತಿಯ ಕಥೆ

ಹಲಸೂರಿನ ಓಣಿಗಳಲ್ಲಿ ಸಂಜೆ ಹೊತ್ತು ಸಂಗೀತ ಪಾಠ ನಡೆಯುವ ಮನೆಯ ಮುಂದೆ ಹಾದುಹೋದರೆ ಮೊದಲು ಕಿವಿಗೆ ಬೀಳುವುದು ಮಾಯಾಮಾಳವಗೌಳದ ಸರಳೆ ವರಸೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಗೀತ ಪರಂಪರೆ ಹೇಳುತ್ತದೆ. ಪಕ್ಕದ ಇಂದಿರಾನಗರದಲ್ಲಿ ಸಂಗೀತ ಸಭೆಯ ಸಭಾಂಗಣಕ್ಕೆ 'ಪುರಂದರ ಭವನ' ಎಂದೇ ಹೆಸರು. ಇಷ್ಟು ಬಳಕೆಯ ಹೆಸರಾದರೂ ಆ ಮನುಷ್ಯನ ಬಗ್ಗೆ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಮೂಗುತಿಯ ಕಥೆ.

ಕಥೆ ಎಲ್ಲರಿಗೂ ಗೊತ್ತು. ಜಿಪುಣ ಶ್ರೀನಿವಾಸ ನಾಯಕ, ಬಡ ಬ್ರಾಹ್ಮಣನಿಗೆ ಮೂಗುತಿ ಕೊಟ್ಟ ಹೆಂಡತಿ ಸರಸ್ವತಿ, ಅದೇ ಮೂಗುತಿ ಗಂಡನ ಅಂಗಡಿಗೇ ಬಂದದ್ದು, ಕೊನೆಗೆ ವಿಷದ ಬಟ್ಟಲಿನಲ್ಲಿ ಇನ್ನೊಂದು ಮೂಗುತಿ. ಇದಕ್ಕೆ ಆ ಕಾಲದ ದಾಖಲೆ ಹುಡುಕಿದರೆ ಸಿಗದು. ಬಟ್ಟಲಿಗೆ ಮೂಗುತಿ ಹೇಗೆ ಬಂತೆಂದು ವಿಜ್ಞಾನವನ್ನು ಕೇಳುವುದೂ ಅರಸಿಕತನ. ಆದರೆ ಹೆಂಡತಿಯ ದೆಸೆಯಿಂದಲೇ ತಾವು ದಾಸರಾದದ್ದು ಎಂದು ಆಕೆಯನ್ನು ನೆನೆಯುವ ಪದವೊಂದು ಅವರದೇ ಅಂಕಿತದಲ್ಲಿದೆ. ಕಥೆಗಾರರು ಪವಾಡವನ್ನು ದೊಡ್ಡದು ಮಾಡಿದರು. ಆ ಹೆಣ್ಣುಮಗಳ ಋಣ ಹಿಂದಕ್ಕೆ ಸರಿಯಿತು.

ಇನ್ನು ಸಂಖ್ಯೆ. ದಾಸರು ರಚಿಸಿದ್ದು 4,75,000 ಕೃತಿಗಳೆಂಬ ಲೆಕ್ಕ ದಾಸಸಾಹಿತ್ಯದಲ್ಲೇ ಬರುತ್ತದೆ. ಭಾಷಣಗಳಲ್ಲಿ ಇದನ್ನು ಹೇಳಿದಾಗ ಚಪ್ಪಾಳೆ ಬೀಳುತ್ತದೆ, ಯಾರೂ ಭಾಗಿಸಿ ನೋಡುವುದಿಲ್ಲ. ದಾಸರಾದ ಮೇಲೆ ನಲವತ್ತು ವರ್ಷ ಬದುಕಿದರೆನ್ನೋಣ. 14,600 ದಿನ. ದಿನಕ್ಕೆ ಮೂವತ್ತೆರಡಕ್ಕೂ ಮೇಲೆ. ಹದಿನಾರು ಗಂಟೆ ಎಚ್ಚರವಿದ್ದರೆ ಅರ್ಧ ಗಂಟೆಗೊಂದು ಪದ. ಊಟ, ಭಿಕ್ಷಾಟನೆ, ಪೂಜೆಗೆ ಬಿಡುವೇ ಇಲ್ಲ. ಈಗ ನಮಗೆ ದೊರಕಿರುವುದು ಸುಮಾರು ಸಾವಿರ. ಲಕ್ಷಗಟ್ಟಲೆ ಹಾಡು ಕಳೆದುಹೋಯಿತೆಂದು ದುಃಖಿಸಬೇಕಾಗಿಲ್ಲ. 'ಎಣಿಸಲಾರದಷ್ಟು' ಎನ್ನುವುದನ್ನು ಹಳಬರು ಎಣಿಸಿ ಹೇಳಿದ ಬಗೆ ಅದು.

ಸಾವಿನ ದಿನದ ವಿಷಯ ಮಾತ್ರ ಬೇರೆ. ಇಲ್ಲಿ ಪರಂಪರೆಯೇ ಖಚಿತ, ತಪ್ಪುವುದು ನಮ್ಮ ಪುಸ್ತಕಗಳು. ರಕ್ತಾಕ್ಷಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆ ಎಂದು ದಾಸಪರಂಪರೆ ಹೇಳುತ್ತದೆ. ಅದು ಶಕ ವರ್ಷ 1486. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂಬ ಸೂತ್ರದಂತೆ ಅನೇಕರು 1564 ಎಂದು ಬರೆದುಬಿಟ್ಟರು. ಆದರೆ ನಮ್ಮ ವರ್ಷ ಶುರುವಾಗುವುದು ಯುಗಾದಿಯಿಂದ. ಪುಷ್ಯದ ಅಮಾವಾಸ್ಯೆ ಬರುವ ಹೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಜನವರಿ ಕಾಲಿಟ್ಟಿದ್ದರೆ ಕೂಡಿಸಬೇಕಾದದ್ದು 79. ಚಂದ್ರನ ಗತಿಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಆ ಅಮಾವಾಸ್ಯೆ ಬೀಳುವುದು 1565ರ ಜನವರಿ 2ರ ಸುಮಾರಿಗೆ, ಆಗ ಯೂರೋಪಿನಲ್ಲಿದ್ದ ಹಳೆಯ ಜೂಲಿಯನ್ ಪಂಚಾಂಗದಂತೆ.

ಒಂದು ವರ್ಷದ ವ್ಯತ್ಯಾಸಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು? ರಕ್ಕಸತಂಗಡಿ ಯುದ್ಧ ನಡೆದದ್ದು ಅದೇ ಪಂಚಾಂಗದ 1565ರ ಜನವರಿ 23ರಂದು. ನಡುವೆ ಇರುವುದು ಮೂರೇ ವಾರ. ಹಂಪೆಯಲ್ಲಿ ದಾಸರು ಕಣ್ಮುಚ್ಚಿದಾಗ ಅತ್ತ ಕೃಷ್ಣಾ ತೀರದ ಕಡೆ ಯುದ್ಧದ ಸಿದ್ಧತೆ ನಡೆದಿತ್ತು. ಪಟ್ಟಣ ಹಾಳಾಗುವುದನ್ನು ಅವರು ಕಾಣಲಿಲ್ಲ. ಅವರ ಹಾಡುಗಳನ್ನು ಬಾಯಲ್ಲಿಟ್ಟುಕೊಂಡಿದ್ದವರು ಮಾತ್ರ ಕಂಡರು.

ದಾಖಲೆ ಇದ್ದ ಮಾತ್ರಕ್ಕೆ ದಂತಕಥೆ ಹುಟ್ಟುವುದಿಲ್ಲವೆಂದೇನಿಲ್ಲ. ವಿಯೆನ್ನಾದಲ್ಲಿ ಮೊಜಾರ್ಟ್ 1791ರ ಡಿಸೆಂಬರ್ 5ರಂದು ಮೂವತ್ತೈದನೆಯ ವಯಸ್ಸಿಗೆ ತೀರಿಕೊಂಡ. ಕಾರಣ ಜ್ವರವೆಂದು ದಾಖಲಾಯಿತು. ಆದರೂ ಸಾಲಿಯೆರಿ ವಿಷ ಹಾಕಿದನೆಂಬ ಗಾಳಿಮಾತು ಹಬ್ಬಿ, 1984ರ 'ಅಮೇಡಿಯಸ್' ಚಿತ್ರದ ಮೂಲಕ ಜಗತ್ತನ್ನೇ ಸುತ್ತಿತು. ಅಲ್ಲೂ ವಿಷ, ಇಲ್ಲೂ ವಿಷ! ಆದರೆ ಮೊಜಾರ್ಟನ ಸ್ವರಗಳು ಅವನ ಕೈಬರಹದಲ್ಲೇ ಉಳಿದಿವೆ. ದಾಸರಿಗೆ ಆ ಭಾಗ್ಯವಿಲ್ಲ.

ದಾಸರ ಪದಗಳನ್ನು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 1850ರಲ್ಲಿ ಅಚ್ಚಿಗೆ ತಂದಾಗ ದೊರೆತದ್ದು ಸಾಹಿತ್ಯ. ಮಟ್ಟುಗಳು ಅಷ್ಟರಲ್ಲಿ ಊರಿಗೊಂದು, ಬಾಯಿಗೊಂದು. ಇಂದು ಕಛೇರಿಯಲ್ಲಿ ಕೇಳಿ ನಾವು ತಲೆದೂಗುವ ಎಷ್ಟೋ ದೇವರನಾಮಗಳ ರಾಗ ಈಚಿನ ಗಾಯಕರು ಕೂಡಿಸಿದ್ದು. ಅವು ಚೆಂದವಾಗಿಲ್ಲವೆಂದಲ್ಲ, ಪುರಂದರದಾಸರು ಕೇಳಿದ್ದರೆ ತಮ್ಮದೆಂದು ಗುರುತಿಸುತ್ತಿದ್ದರೋ ಇಲ್ಲವೋ. ಹಳೆಯ ಮಟ್ಟಿಗೆ ಹತ್ತಿರವಾಗಿ ಉಳಿದಿರಬಹುದಾದವು ಮಲಹರಿಯ ಪಿಳ್ಳಾರಿ ಗೀತೆಗಳು. ಅವನ್ನು ಕಛೇರಿಯಲ್ಲಿ ಯಾರೂ ಹಾಡುವುದಿಲ್ಲ. ಮಕ್ಕಳು ಪಾಠಕ್ಕೆ ಹಾಡುತ್ತಾರೆ, ತಪ್ಪಿದರೆ ಮೇಷ್ಟರು ಮತ್ತೆ ಮೊದಲಿಂದ ಹಾಡಿಸುತ್ತಾರೆ.