ಬಫರ್ ವಲಯ ವ್ಯರ್ಥ ಜಾಗವಲ್ಲ

ಮಳೆನೀರು ಹರಿಯುವ ರಾಜಕಾಲುವೆಯ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಬಫರ್ ವಲಯದಿಂದ ಬೆಂಗಳೂರಿನ ನಿವೇಶನಗಳು ದುಬಾರಿಯಾಗುತ್ತಿವೆ, ಅದನ್ನು ಕಿರಿದಾಗಿಸಿ ಎಂಬ ಲೇಖನವೊಂದರ ವಾದ ಅಪಾಯಕಾರಿ. ‘ಪರಿಷ್ಕೃತ ಮಾಸ್ಟರ್ ಪ್ಲಾನ್–2015’ರಂತೆ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್ ನಿಗದಿಯಾಗಿತ್ತು. ಇದನ್ನು ಹಿಗ್ಗಿಸಿದ್ದ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2019ರಲ್ಲೇ ರದ್ದುಪಡಿಸಿತು. ಉಳಿದದ್ದರಲ್ಲಿ ಇನ್ನೆಷ್ಟು ಕತ್ತರಿಸಬೇಕು? 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಕೋಟಿ ಬೆಲೆಯ ವಿಲ್ಲಾಗಳಿಂದಲೂ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರತರಬೇಕಾಯಿತು. ಕಾಲುವೆಯ ಜಾಗ ಕಿತ್ತುಕೊಂಡರೆ ನೀರು ಮನೆಯೊಳಗೇ ದಾರಿ ಹುಡುಕುತ್ತದೆ.

ಆ ಲೇಖನದ ಪ್ರಕಾರ, ಬಫರ್ ಬದಲು ಬಡಾವಣೆಯೊಳಗೆ ಪಾರ್ಕ್ ಇದ್ದರೆ ಸಾಕಂತೆ. ಗೇಟಿನೊಳಗಿನ ಹುಲ್ಲುಹಾಸು ಬೆಳ್ಳಂದೂರಿನತ್ತ ನುಗ್ಗುವ ಮಳೆನೀರನ್ನು ತಡೆಯುವುದಿಲ್ಲ. ಹೊರಗಿನವರಿಗೆ ಅಲ್ಲಿ ಪ್ರವೇಶವೂ ಇಲ್ಲ. ಕಾಲುವೆ ದಡದುದ್ದಕ್ಕೂ ಹೊಂಗೆ, ನೇರಳೆ ಬೆಳೆಸಿ, ಎಲ್ಲರಿಗೂ ಕಾಲುದಾರಿ ಬಿಡಿಸಿ. ನಕ್ಷೆಗೆ ಮಂಜೂರಾತಿ ಕೊಡುವ ಮುನ್ನವೇ ಸರ್ವೆ ಮಾಡಿ ಗಡಿಕಲ್ಲು ನೆಡಿಸಿ.