ತುಕ್ಕಿನ ಮೇಲೆ ಬಣ್ಣ ಬಳಿದರೆ...

ಪರೀಕ್ಷೆ ಮುಗಿದ ದಿನ ಹತ್ತನೇ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಅವರ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಬಜಾಜ್ ಚೇತಕ್ ಇದೆಯಂತೆ. ರಜೆಯಲ್ಲಿ ಅಪ್ಪ, ಮಗ ಸೇರಿ ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದು ಹೊರಟಿದ್ದಾರೆ.

"ತುಂಬಾ ತುಕ್ಕು ಹಿಡಿದಿದೆ ಸರ್. ಉಪ್ಪುಕಾಗದದಲ್ಲಿ ಉಜ್ಜಿ ರೆಡ್ ಆಕ್ಸೈಡ್ ಹೊಡೆದರೆ ಸಾಕಲ್ವಾ?" ಎಂದು ಕೇಳಿದ.

"ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿ ನೋಡಿದ್ದೀಯೇನಪ್ಪಾ?" ಎಂದೆ. ಅವನು ನೋಡಿರಲಿಲ್ಲ. ಒಂದು ಕಾಲದಲ್ಲಿ ನಾನೂ ನೋಡಿರಲಿಲ್ಲ.

ನಮ್ಮ ತಂದೆಯವರು ಹೆಸರು ನೋಂದಾಯಿಸಿ, ವರ್ಷಗಟ್ಟಲೆ ಕಾದು, 1986ರಲ್ಲಿ ಒಂದು ಚೇತಕ್ ಕೊಂಡಿದ್ದರು. ಅವರ ನಂತರ ಅದು ನನ್ನ ಕೈಗೆ ಬಂತು. ನಮ್ಮದು ಕಡಲಬದಿಯ ಊರು, ಗಾಳಿಯಲ್ಲೇ ಉಪ್ಪು. 2009ರಲ್ಲಿ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಮೇಲೆ ಮೇಲೆ ಉಜ್ಜಿ, ಗುಳಿಗಳಿಗೆ ಪುಟ್ಟಿ ಮೆತ್ತಿ, ಫಳಫಳ ಹೊಳೆಯುವ ನೀಲಿ ಬಣ್ಣ ಹೊಡೆದು ಕೊಟ್ಟರು. ಮೂರನೇ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಆಗಿನ ರೂಢಿಯಂತೆ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಇಳಿಜಾರಿನಲ್ಲಿ ಹೋಗುತ್ತಿದ್ದೆ. ಬಲಗಾಲಿನ ಬ್ರೇಕ್ ಒತ್ತಿದರೆ ಪೆಡಲಿನ ಜೊತೆಗೆ ತಳದ ತಗಡೂ ಕೆಳಕ್ಕೆ ಬಾಗಿತು! ವೇಗ ಕಡಿಮೆಯಿತ್ತು, ಕೈಬ್ರೇಕು ಹಿಡಿಯಿತು, ಬಚಾವಾದೆವು. ಮನೆಗೆ ತಳ್ಳಿಕೊಂಡು ಬಂದು ಮ್ಯಾಟ್ ಕಿತ್ತರೆ ಕೆಳಗಿನ ತಗಡು ಹಪ್ಪಳದಂತೆ ಮುರಿಯಿತು. ನನ್ನ ಮಗಳು ನಿಂತಿದ್ದ ಜಾಗದಲ್ಲಿ ಅಂಗಳದ ಮಣ್ಣು ಕಾಣುತ್ತಿತ್ತು.

'ಲೋಹಗಳ ನಶಿಸುವಿಕೆ'ಯ ಪಾಠವನ್ನು ವರ್ಷ ವರ್ಷವೂ ಮಾಡುತ್ತಿದ್ದ ಮೇಷ್ಟ್ರು ನಾನು!

ಈ ಸ್ಕೂಟರಿನ ತಳಕ್ಕೆ ಯಾಕಿಷ್ಟು ಮಹತ್ವ? ಇಟಲಿಯ ಕೊರಾದಿನೊ ದಸ್ಕಾನಿಯೊ ಎಂಬ ವಿಮಾನ ಎಂಜಿನಿಯರ್ 1946ರಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದ. ವಿಮಾನದ ಮೈಯಂತೆ ಇದಕ್ಕೂ ಒಳಗೆ ಬೇರೆ ಚೌಕಟ್ಟಿಲ್ಲ. ಒತ್ತಿ ಬಗ್ಗಿಸಿ ಬೆಸೆದ ಉಕ್ಕಿನ ತಗಡೇ ಮೈ, ಅದೇ ಚೌಕಟ್ಟು. 1972ರಲ್ಲಿ ಬಂದ ಚೇತಕ್ ಕೂಡ ಇದೇ ವಂಶದ್ದು. ಈಗ ಅದೇ ಹೆಸರಿನಲ್ಲಿ ಬರುತ್ತಿರುವುದು ವಿದ್ಯುತ್ ಸ್ಕೂಟರ್. ನಾನು ಹೇಳುತ್ತಿರುವುದು ಹಳೆಯ ಪೆಟ್ರೋಲ್ ಗಾಡಿಯ ಮಾತು. ಸೈಕಲ್ಲಿನ ಮಡ್‌ಗಾರ್ಡಿಗೆ ತುಕ್ಕು ಹಿಡಿದರೆ ಅಂದ ಕೆಡುತ್ತದೆ, ಅಷ್ಟೆ. ಚೇತಕ್‌ನ ತಳಕ್ಕೆ ತುಕ್ಕು ಹಿಡಿದರೆ ಬೆನ್ನುಮೂಳೆಗೇ ಹಿಡಿದಂತೆ.

ಇನ್ನೊಂದು ಪ್ರಶ್ನೆ. ಗಾಳಿ, ನೀರು ಎರಡೂ ಇದ್ದರೆ ತುಕ್ಕು ಎಂದು ಓದಿದ್ದೇವೆ. ಹಾಗಾದರೆ ಗಾಳಿ ಸರಿಯಾಗಿ ಆಡದ ಮ್ಯಾಟಿನ ಕೆಳಗೆ ಕಡಿಮೆಯಾಗಬೇಕಿತ್ತಲ್ಲವೇ? ಉತ್ತರ ಒಂದು ಹನಿ ನೀರಿನಲ್ಲಿದೆ. ಕಬ್ಬಿಣದ ಮೇಲೆ ನೀರಿನ ಹನಿ ಕುಳಿತಿದೆ ಎನ್ನಿ. ಅದರ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಈ ವ್ಯತ್ಯಾಸದಿಂದ ಆ ಹನಿಯೇ ಒಂದು ಪುಟ್ಟ ವಿದ್ಯುತ್ ಕೋಶವಾಗುತ್ತದೆ. ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿದು ಆಮ್ಲಜನಕವನ್ನು ಸೇರುತ್ತವೆ. ಕರಗಿದ ಕಬ್ಬಿಣ ಹೊರಗೆ ಬಂದು ಆಮ್ಲಜನಕ ಸಿಕ್ಕಲ್ಲಿ ತುಕ್ಕಾಗಿ ಕೂರುತ್ತದೆ. ಅಂದರೆ ತುಕ್ಕು ಕಾಣುವುದು ಒಂದು ಕಡೆ, ಕಬ್ಬಿಣ ಸವೆಯುವುದು ಇನ್ನೊಂದು ಕಡೆ! ನೀರಿನಲ್ಲಿ ಉಪ್ಪು ಸೇರಿದರೆ ವಿದ್ಯುತ್ ಇನ್ನೂ ಸಲೀಸಾಗಿ ಹರಿಯುತ್ತದೆ. ಮ್ಯಾಟಿನ ಕೆಳಗೆ, ಎರಡು ತಗಡು ಸೇರುವ ಸಂದಿನಲ್ಲಿ, ಪುಟ್ಟಿಯ ಹಿಂದೆ ನಡೆಯುವುದು ಇದೇ.

ಆದ್ದರಿಂದ ಮೊದಲ ಕೆಲಸ ಉಜ್ಜುವುದಲ್ಲ. ಎಷ್ಟು ಕಬ್ಬಿಣ ಉಳಿದಿದೆ ಎಂದು ನೋಡುವುದು. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಮ್ಯಾಟು, ಪಟ್ಟಿಗಳನ್ನೆಲ್ಲ ಬಿಚ್ಚಿ ಗಾಡಿಯನ್ನು ಮಗ್ಗುಲಾಗಿಸಿ. ಸಣ್ಣ ಸುತ್ತಿಗೆಯಿಂದ ತಳವನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಸವೆದದ್ದು ಡಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಿ. ಬ್ರೇಕ್ ಪೆಡಲ್ ಮತ್ತು ಸ್ಟ್ಯಾಂಡ್ ಕೂರುವ ಜಾಗ, ತಳದ ಅಡ್ಡಪಟ್ಟಿ, ಇವನ್ನು ಬಿಡಬೇಡಿ. ತೂತು ಬಿದ್ದಿದ್ದರೆ ಯಾವ ರಾಸಾಯನಿಕವೂ ಅದನ್ನು ತುಂಬದು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ಅದು ನುರಿತ ಮೇಸ್ತ್ರಿಯ ಕೆಲಸ. ಖಾಲಿ ಟ್ಯಾಂಕಿನಲ್ಲಿಯೂ ಪೆಟ್ರೋಲಿನ ಆವಿ ಇರುತ್ತದೆ. ವೆಲ್ಡಿಂಗ್ ಮಾಡುವ ಕಡೆ ಅದು ಸುಳಿಯಬಾರದು.

ತಗಡು ಗಟ್ಟಿಯಿದ್ದರೆ ಮುಂದಿನ ಕೆಲಸ ಸುಲಭ. ಸಡಿಲ ತುಕ್ಕನ್ನೂ ಹಳೆಯ ಬಣ್ಣವನ್ನೂ ವೈರ್ ಬ್ರಶ್ ಮತ್ತು ಉಪ್ಪುಕಾಗದದಿಂದ ತೆಗೆಯಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಆದ್ದರಿಂದ ನೀರು ಹಾಕಿಕೊಂಡು ಉಜ್ಜಿ, ಮುಖಕ್ಕೆ ಮಾಸ್ಕ್ ಇರಲಿ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ. ಅದು ತುಕ್ಕಿನೊಂದಿಗೆ ಸೇರಿ ಕಬ್ಬಿಣದ ಫಾಸ್ಫೇಟ್ ಆಗಿ ತಗಡಿಗೆ ಅಂಟಿಕೊಳ್ಳುತ್ತದೆ. ಆದರೆ ದಪ್ಪ ತುಕ್ಕಿನ ಮೇಲೆ ಬಳಿದರೆ ಮೇಲ್ಪದರವಷ್ಟೇ ಬದಲಾಗುತ್ತದೆ, ಅಡಿಯದು ಹಾಗೇ ಉಳಿಯುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ತುಕ್ಕನ್ನು ಚಕ್ಕನೆ ಕರಗಿಸುತ್ತದೆ ನಿಜ. ಆದರೆ ಅದರ ಕ್ಲೋರೈಡು ಸಂದಿಗಳಲ್ಲಿ ಉಳಿದು ಮತ್ತೆ ತುಕ್ಕು ಹುಟ್ಟಿಸುತ್ತದೆ. ಸಣ್ಣ ನಟ್ಟು, ಕ್ಲಿಪ್ಪುಗಳನ್ನು ನಿಂಬೆಉಪ್ಪಿನ ನೀರಿನಲ್ಲಿ ರಾತ್ರಿ ನೆನೆಸಿಡಬಹುದು. ಹುಣಸೆಹಣ್ಣಿನಿಂದ ಹಿತ್ತಾಳೆ ಚೊಂಬು ಬೆಳಗುವ ಅಮ್ಮಂದಿರಿಗೆ ಈ ವಿದ್ಯೆ ಗೊತ್ತು.

ತೊಳೆದ ಕಬ್ಬಿಣವನ್ನು ಹಾಗೇ ಬಿಟ್ಟರೆ ಗಂಟೆಯೊಳಗೆ ಮತ್ತೆ ಕೆಂಪಾಗುವುದುಂಟು. ಕೂಡಲೇ ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ರೆಡ್ ಆಕ್ಸೈಡಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ, ತುಕ್ಕಿನ ನೆಂಟ! ಅದೊಂದನ್ನೇ ಹೊಡೆದು ಬಿಟ್ಟರೆ ನಿಧಾನಕ್ಕೆ ತೇವ ಒಳಗಿಳಿಯುತ್ತದೆ. ಬರಿಯ ಲೋಹಕ್ಕೆ ಎಪಾಕ್ಸಿ ಪ್ರೈಮರ್ ಹೆಚ್ಚು ಭದ್ರ. ಕೈ ಹೋಗದ ಪೊಳ್ಳುಗಳ ಒಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ. ನೀರು ಹೋಗಲು ಇರುವ ರಂಧ್ರಗಳನ್ನು ಮುಚ್ಚಬೇಡಿ. ಮೈಮೇಲೆ ಕೊರೆದಿರುವ ಚಾಸಿ ಸಂಖ್ಯೆಯನ್ನು ಉಜ್ಜಿ ಅಳಿಸಬೇಡಿ, ಪುಟ್ಟಿಯಿಂದಲೂ ಮುಚ್ಚಬೇಡಿ. ನೋಂದಣಿ ನವೀಕರಣಕ್ಕೆ ಹೋದಾಗ ಅಧಿಕಾರಿಗಳು ಮೊದಲು ನೋಡುವುದು ಅದನ್ನೇ.

ಸೋಮವಾರ ಆ ಹುಡುಗ ಮತ್ತೆ ಬಂದ. ಪೆಡಲಿನ ಪಕ್ಕ ಮೂರು ತೂತು, ಒಂದರಲ್ಲಿ ಹೆಬ್ಬೆರಳು ಹೋಗುತ್ತದಂತೆ. "ಬಣ್ಣ ಆಮೇಲೆ, ಮೊದಲು ತಳ ಹೊಸದು ಹಾಕಿಸೋಣ ಅಂದ್ರು ಅಪ್ಪ. ಅಜ್ಜನ ಗಾಡಿ ಅರ್ಧ ಹೋದ ಹಾಗಾಯ್ತು ಸರ್" ಎಂದ. ಅವನ ಮುಖ ಸಪ್ಪಗಿತ್ತು. "ಹೋದದ್ದು ಯಾವಾಗಲೋ ಹೋಗಿತ್ತಪ್ಪಾ, ನೀನು ಈಗ ನೋಡಿದೆ ಅಷ್ಟೆ. ನೋಡಿದ್ದರಿಂದ ಉಳಿದರ್ಧ ಉಳಿಯಿತು" ಎಂದೆ.

ಮಾಡಿ ನೋಡಿ: ಕಬ್ಬಿಣದ ತಗಡಿನ ತುಂಡೊಂದನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ. ಉಪ್ಪುನೀರಿನ ಒಂದು ದೊಡ್ಡ ಹನಿ ಬಿಟ್ಟು, ಬೇಗ ಆರದಂತೆ ಮೇಲೆ ಲೋಟ ಬೋರಲು ಹಾಕಿ. ಕೆಲವು ಗಂಟೆಗಳ ನಂತರ ತುಕ್ಕು ಹನಿಯಲ್ಲಿ ಬಳೆಯಂತೆ ಕಾಣುತ್ತದೆ. ಅದನ್ನು ಒರೆಸಿ, ನಡುವಿನ ಲೋಹವನ್ನು ಭೂತಕನ್ನಡಿಯಲ್ಲಿ ನೋಡಿ.